ಅಕ್ಕನ ಮೂಗುಬೊಟ್ಟು

ಬಂಗಾರಕ್ಕೆ ಸಾವಿಲ್ಲ ಎಂದು ಯಾರಾದರೂ ಹೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ನಮ್ಮ ಮನೆಯ ಬಂಗಾರ ನೀರಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅಪ್ಪನದು ಹುಬ್ಬಳ್ಳಿಯಲ್ಲಿ ಫೋಟೊ ಸ್ಟುಡಿಯೊ. ಗಿರಾಕಿಗೆ ತೋರಿಸಲು ಮೊದಲು ಒಂದು ಕಚ್ಚಾ ಪ್ರತಿ ತೆಗೆಯುತ್ತಿದ್ದ. ಪ್ರೂಫು ಅಂತ ಅದರ ಹೆಸರು. ಬೆಳಕಿಗೆ ಹಿಡಿದಷ್ಟೂ ಅದು ಕಪ್ಪಾಗುತ್ತದೆ. ಗಿರಾಕಿ ಒಪ್ಪಿದ ಮೇಲೆ ಕೊಡುವ ಪ್ರತಿಯನ್ನು ಬಂಗಾರದ ನೀರಿನಲ್ಲಿ ಅದ್ದಿ, ಹೈಪೊ ಎಂಬ ಉಪ್ಪಿನ ನೀರಿನಲ್ಲಿ ತೊಳೆದು ಗಟ್ಟಿ ಮಾಡಬೇಕು. ಕಾಗದದ ಮೇಲಿನ ಚಿತ್ರ ಬೆಳ್ಳಿಯದು; ಬೆಳ್ಳಿಯ ಬಟ್ಟಲಿನ ಹಾಗೆ ಅದೂ ಕಂದುತ್ತದೆ. ಅದರ ಮೇಲೆ ಬಂಗಾರ ಕೂತರೆ ಮೊಮ್ಮಕ್ಕಳ ಕಾಲಕ್ಕೂ ಮುಖ ಹಾಗೇ ಇರುತ್ತದೆ. ಆ ಬಂಗಾರದ ಉಪ್ಪು ಪರದೇಶದಿಂದ ಸಣ್ಣ ಗಾಜಿನ ಕೊಳವೆಯಲ್ಲಿ ಬರುತ್ತಿತ್ತು.

ಅಕ್ಕ ರಾಯಾಪುರದ ಗಂಡನ ಮನೆಯಿಂದ ಪಂಚಮಿಗೆ ಬಂದಾಗ ಅಪ್ಪ ಅವಳನ್ನು ಕೂರಿಸಿ ಫೋಟೊ ತೆಗೆದ. ಮೂಗಿನಲ್ಲಿ ಹೊಸ ಮೂಗುಬೊಟ್ಟು ಹೊಳೆಯುತ್ತಿತ್ತು. ಪ್ರೂಫು ತೆಗೆದು ಅಷ್ಟಕ್ಕೇ ಬಿಟ್ಟ. ಮನೆಯ ಹುಡುಗಿಯ ಫೋಟೊ, ಅವಸರವೇನು? ಮುಂದೆ ಯುದ್ಧ ಬಂದು ಗಾಜು ಸಿಗದಾಯಿತು. ಪ್ರತಿಗಳನ್ನು ತೆಗೆಯುವುದು ಗಾಜಿನ ಪ್ಲೇಟಿನಿಂದ. ಅಪ್ಪ ಹಳೆಯ ಪ್ಲೇಟುಗಳನ್ನು ಸೋಡಾ ನೀರಿನಲ್ಲಿ ತೊಳೆದು, ಚಿತ್ರ ಕೆರೆದು, ಆ ಗಾಜನ್ನು ಫ್ರೇಮಿಗೆ ಹಾಕತೊಡಗಿದ. ಗಿರಾಕಿಗಳ ಪ್ಲೇಟು ಮುಟ್ಟಲಿಲ್ಲ. ಅವರು ಇನ್ನೊಂದು ಪ್ರತಿ ಕೇಳಬಹುದು. ಮೊದಲು ತೊಳೆದದ್ದು ನಮ್ಮವನ್ನೇ; ಅಕ್ಕನದೂ ಅದರಲ್ಲಿ ಹೋಯಿತು. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಳ್ಳಲ್ಲ. ಮಗಳು ಇನ್ನೊಂದು ಪಂಚಮಿಗೆ ಬಂದೇ ಬರುತ್ತಾಳೆ, ಆಗ ತೆಗೆದರಾಯಿತು ಎಂದುಕೊಂಡಿದ್ದ.

ಅಕ್ಕ ಹೆರಿಗೆಯಲ್ಲಿ ತೀರಿಕೊಂಡಳು. ಕೂಸೂ ಉಳಿಯಲಿಲ್ಲ. ಮಣ್ಣು ಕೊಡುವ ಮೊದಲು ಮೂಗುಬೊಟ್ಟನ್ನು ಅವ್ವನೇ ಬಿಚ್ಚಬೇಕಾಯಿತು. ಬೀಗರು ಅದನ್ನು ಅವಳ ಕೈಯಲ್ಲೇ ಬಿಟ್ಟರು. ಮುತ್ತೈದೆಯ ಮೂಗು ಬರಿದು ಮಾಡಿದ ಕೈ ಎಂದು ಅವ್ವ ಆಮೇಲೆ ತನ್ನ ಬಲಗೈಯನ್ನೇ ನೋಡಿಕೊಳ್ಳುತ್ತ ಕೂತಿರುತ್ತಿದ್ದಳು.

ಉಳಿದದ್ದು ಆ ಪ್ರೂಫು ಒಂದೇ. ಅಕ್ಕನ ಉಡಿ ತುಂಬಲು ತೆಗೆದಿಟ್ಟಿದ್ದ ಖಣದ ಮಡಿಕೆಯಲ್ಲಿ ಅವ್ವ ಅದನ್ನು ಇಟ್ಟಿದ್ದಳು. ಬೆಳಕಿಗೆ ತೆಗೆಯಬೇಡ ಎಂದು ಅಪ್ಪ ಗೋಗರೆದ. ಹೆತ್ತವಳು ಕೇಳುತ್ತಾಳೆಯೇ? ಅಡಿಗೆ ಮುಗಿದ ಕೂಡಲೇ ಕಿಟಕಿಯ ಹತ್ತಿರ ಕೂತು ನೋಡುವಳು. ನೋಡಿದಷ್ಟೂ ಮಗಳು ಕಪ್ಪಾಗುತ್ತಿದ್ದಳು. ಆಗ ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದೆ. ಒಂದು ದಿನ ಶಾಲೆಯಿಂದ ಬಂದು ಆ ಮುಖ ನೋಡಿದವಳೇ ಅಪ್ಪನಿಗೆ ಅಂದುಬಿಟ್ಟೆ:

“ಎಲ್ಲಾರ ಮಕ್ಕಳನ್ನೂ ಬಂಗಾರದಾಗ ಅದ್ದಿದಿ. ನಿನ್ನ ಮಗಳನ್ನ ಸೋಡಾದಾಗ ತೊಳದಿ.”

ಅಪ್ಪ ಬೆರಳಿನ ಉಂಗುರ ಕಳಚಿದ. ಆಮೇಲೆ, ಬಂಗಾರದ ನೀರಿದ್ದರೆ ಈ ಪ್ರೂಫನ್ನೇ ಉಳಿಸಬಹುದು, ಆದರೆ ಕೊಳವೆ ಬರುವುದು ನಿಂತು ಬಹಳ ದಿನವಾಯಿತು, ಈ ಉಂಗುರವನ್ನೇ ಕರಗಿಸುತ್ತೇನೆ ಎಂದ. ಅವ್ವ ಒಳಗಿಂದ ಮೂಗುಬೊಟ್ಟು ತಂದು ಅವನ ಮುಂದಿಟ್ಟಳು.

“ಆಕೀ ಬಂಗಾರ ಆಕೀಗೇ ಮುಟ್ಲಿರಿ.”

ಬೆಂಗೇರಿಯ ಪತ್ತಾರ ಅದರ ಹರಳು ಬಿಡಿಸಿ, ತಾಮ್ರ ತೆಗೆದು ಚೊಕ್ಕ ಮಾಡಿ, ಉಸಿರಿಗೆ ಅಲುಗುವಷ್ಟು ತೆಳ್ಳಗೆ ಬಡಿದುಕೊಟ್ಟ. ಅಷ್ಟು ಸಣ್ಣ ಚುಕ್ಕಿ ಅಷ್ಟು ಅಗಲವಾಗಿತ್ತು. ಅಪ್ಪ ಎರಡು ತರದ ಆಸಿಡ್ಡನ್ನು ಪಿಂಗಾಣಿ ಬಟ್ಟಲಲ್ಲಿ ಕೂಡಿಸಿದ. ಒಂದೊಂದಕ್ಕೇ ಬಂಗಾರ ಜಗ್ಗುವುದಿಲ್ಲ. ಎರಡೂ ಕೂಡಿದರೆ ನಿಲ್ಲುವುದಿಲ್ಲ. ಅಕ್ಕನ ಮೂಗುಬೊಟ್ಟು ನಮ್ಮ ಕಣ್ಣೆದುರೇ ಕರಗಿ ಅರಿಸಿನ ಕದಡಿದ ನೀರಾಯಿತು. ಅದನ್ನು ಕಾಯಿಸಿ ಇಂಗಿಸಿ, ಸೀಮೆಸುಣ್ಣ ಹಾಕಿ ಆಸಿಡ್ಡಿನ ಕಾವು ಕಳೆದು, ನೀರು ಬೆರೆಸಿ, ಅಪ್ಪ ಪ್ರೂಫನ್ನು ಅದರಲ್ಲಿ ತೇಲಿಬಿಟ್ಟ. ಕೆಂಗಂದು ಬಣ್ಣ ಮೆಲ್ಲಗೆ ನೇರಳೆಗೆ ತಿರುಗಿತು. ಹೈಪೊದಲ್ಲಿ ತೊಳೆದು ಒಣಗಿಸಿದ. ಇನ್ನು ಬಿಸಿಲಿನಲ್ಲೇ ನೋಡು, ಏನೂ ಆಗುವುದಿಲ್ಲ ಎಂದು ಅವ್ವನ ಕೈಗೆ ಕೊಟ್ಟ.

ಅವ್ವ ಅಂಗಳಕ್ಕೆ ಒಯ್ದು ಹೊತ್ತುಗಟ್ಟಲೆ ನೋಡಿದಳು.

“ಮೂಗಬಟ್ಟ ಎಲ್ಲೈತ್ರಿ? ಮೂಗು ಬರಿದ ಐತಲ್ಲ.”

ನಾನೂ ನೋಡಿದೆ. ಕಣ್ಣು, ಹಣೆ, ಬೈತಲೆ ಮಬ್ಬಾಗಿಯಾದರೂ ಇದ್ದವು. ಮೂಗಿನ ಮೇಲಿನ ಬೆಳ್ಳನೆಯ ಚುಕ್ಕಿ ಇರಲಿಲ್ಲ. ಕಿಟಕಿಯ ಬೆಳಕಿನಲ್ಲಿ ಅದು ಎಂದೋ ಕಪ್ಪಿನಲ್ಲಿ ಸೇರಿಹೋಗಿತ್ತು. ಬಂಗಾರ ಇದ್ದಷ್ಟನ್ನೇ ಹಿಡಿದು ನಿಲ್ಲಿಸಿತ್ತು.

“ಮೂಗಿನ್ಯಾಗ ಇಲ್ಲ,” ಅಂದ ಅಪ್ಪ. “ಮಾರಿ ತುಂಬ ಅದ ಐತಿ, ನೋಡ.”

ಅವ್ವ ಆ ಮುಖದ ಮೇಲೆ ಬೆರಳಾಡಿಸಿ ಕೈ ಹಿಂದಕ್ಕೆ ತೆಗೆದುಕೊಂಡಳು.

“ಎರಡ ಸಲ ನಾನ ಬಿಚ್ಚಿದಂಗಾತು.”

ಅಪ್ಪನೂ ಇಲ್ಲ, ಅವ್ವನೂ ಇಲ್ಲ. ಫೋಟೊ ನನ್ನ ಹತ್ತಿರ ಇದೆ, ಒಂದಿಷ್ಟೂ ಕಂದಿಲ್ಲ. ಅಕ್ಕ ಅದರಲ್ಲಿ ಬರಿಮೂಗಿನಲ್ಲೇ ಕೂತಿದ್ದಾಳೆ.