ಅಕ್ಕಿ ಎಳೆಯದ ಚೊಂಬು

ಅವರ ಅಂಗೈ ಗೆರೆಗಳಲ್ಲಿ ಸಂಡೂರಿನ ಅದಿರಿನ ಕೆಂಪು ಕೂತುಬಿಟ್ಟಿತ್ತು. ಮೂವತ್ತು ವರ್ಷ ಗಣಿಯಲ್ಲಿ ಸರ್ವೇ ಮಾಡಿದ ಕೈ, ಎಷ್ಟು ತೊಳೆದರೂ ಹೋಗದು. ಹಾಗಂತ ಅವರು ತೊಳೆಯುವುದನ್ನು ಬಿಟ್ಟವರೂ ಅಲ್ಲ. ಚಿತ್ತವಾಡ್ಗಿಯ ನನ್ನ ತಾಮ್ರದ ಅಂಗಡಿಗೆ ಬಂದರೆ ಮೊದಲು ಒಂದು ಚೊಂಬು ನೀರು ಕೇಳುವರು, ಒಂದು ಕೈಯಿಂದ ಇನ್ನೊಂದಕ್ಕೆ ಸುರಿದುಕೊಳ್ಳುವರು, ಆಮೇಲೆ ಮಾತು. ಇಷ್ಟು ತೊಳೆಯಬೇಕಾದರೆ ಈ ಮನುಷ್ಯ ಏನು ಮಾಡಿ ಬಂದಿರಬೇಕು ಅಂತ ನನಗೆ ಮೊದಲ ದಿನವೇ ಅನುಮಾನ.

ನಾನು ಅವರನ್ನು ಸರ್ವೇ ಸಾಹೇಬರು ಅನ್ನುತ್ತಿದ್ದೆ. ಕೊಂಕಣದ ಕಡೆಯ ಯೆಹೂದಿ, ಆದರೆ ಮಾತೆಲ್ಲ ನಮ್ಮ ಕನ್ನಡವೇ. ಹೆಂಡತಿ ತೀರಿಹೋಗಿದ್ದರು. ತಮ್ಮ ಊರಿನ ಪ್ರಾರ್ಥನಾ ಮಂದಿರದ ಬಾಗಿಲಲ್ಲಿ ಇಡಲು, ಕೈ ತೊಳೆಯುವ ತಾಮ್ರದ ತೊಟ್ಟಿಯೊಂದು ಬೇಕು ಅಂದರು. ಎರಡು ನಲ್ಲಿ, ಕೆಳಗೊಂದು ಪೀಠ, ಇಷ್ಟೇ ಕೆಲಸ.

"ನನ್ನ ಕಣ್ಮುಂದ ಒಮ್ಮೆ ಅದರಾಗ ನೀರು ತುಂಬಬೇಕ್ರಿ ಆಚಾರ್ರ. ಅಷ್ಟ ಸಾಕು."

ಹೊಸ ತಗಡು ತೋರಿಸಿದರೆ ಬೇಡವಂತೆ. ಹೆಂಗಸರು ಬಳಸಿದ ಹಳೆಯ ತಾಮ್ರವೇ ಆಗಬೇಕಂತೆ. ಕಂಪ್ಲಿಯಿಂದ, ಹೊಸಪೇಟೆಯಿಂದ ಕಲಾಯಿಗೆ ಪಾತ್ರೆ ತಂದ ಹೆಂಗಸರನ್ನೆಲ್ಲ, ಒಡೆದ ಚೊಂಬು ಇದ್ದರೆ ಒಂದು ಚೂರು ಕೊಡಿ ಅಂತ ಕೇಳತೊಡಗಿದರು.

ಹಂಪಿಯ ಮಗ್ಗುಲಲ್ಲಿ ಹುಟ್ಟಿದವರಿಗೆ ಹಳೆಯ ವಸ್ತು ಕೇಳುವವನೆಂದರೆ ಅರ್ಧ ಕಳ್ಳ. ಅದರಲ್ಲೂ ತಾಮ್ರ! ಸಿಡಿಲು ಬಡಿದ ತಾಮ್ರದ ಚೊಂಬು ಅಕ್ಕಿಕಾಳನ್ನು ತನ್ನತ್ತ ಎಳೆಯುತ್ತದೆ, ಅದಕ್ಕೆ ಕೋಟಿ ಬೆಲೆ ಅಂತ ಹೇಳಿ ಜನರಿಗೆ ಟೋಪಿ ಹಾಕಿದವರನ್ನು ನಮ್ಮ ಸೀಮೆ ಬೇಕಾದಷ್ಟು ಕಂಡಿದೆ. ಸಾಲದ್ದಕ್ಕೆ ಇವರು ಶನಿವಾರ ಬರುವುದಿಲ್ಲ, ಫೋನೂ ಎತ್ತುವುದಿಲ್ಲ. ಶನಿವಾರ ಯಾರನ್ನು ನೋಡಲು ಹೋಗುತ್ತಾರೆ? ಕೊಡಬೇಡಿ ಅಂತ ಹೆಂಗಸರಿಗೆಲ್ಲ ಬೆನ್ನ ಹಿಂದೆ ಹೇಳಿಟ್ಟೆ. ಅವರ ಚೀಲ ಖಾಲಿಯೇ ಉಳಿಯಿತು. ಇವತ್ತು, ನಾಳೆ ಅಂತ ಮೂರು ತಿಂಗಳು ಸತಾಯಿಸಿದೆ. ಅವರ ಕೆಮ್ಮು ವಾರ ವಾರಕ್ಕೂ ಹೆಚ್ಚುತ್ತಿತ್ತು.

ಒಂದು ಮಧ್ಯಾಹ್ನ ಬಟ್ಟೆಯ ಗಂಟೊಂದನ್ನು ನನ್ನ ಬಳಿ ಬಿಟ್ಟು ಚಹಾ ಕುಡಿಯಲು ಹೋದರು. ತಡೆಯಲಾಗಲಿಲ್ಲ, ಬಿಚ್ಚಿದೆ. ನಗ್ಗಿದ ಒಂದು ತಾಮ್ರದ ಚೊಂಬು. ಸಿಕ್ಕಿಬಿದ್ದರು ಅಂದುಕೊಂಡೆ. ಒಳಗಿನಿಂದ ಒಂದು ಹಿಡಿ ಅಕ್ಕಿ ತಂದು ನೆಲಕ್ಕೆ ಚೆಲ್ಲಿ, ಚೊಂಬನ್ನು ಮೆಲ್ಲಗೆ ಹತ್ತಿರ ಸರಿಸಿ, ಕೆನ್ನೆ ನೆಲಕ್ಕೆ ತಾಗಿಸಿ ನೋಡುತ್ತಾ ಬಿದ್ದಿದ್ದೆ. ಹೊಸ್ತಿಲಲ್ಲಿ ಅವರ ಕಾಲು ಕಂಡವು.

"ಎಳೀತೇನ್ರಿ?"

ಬೈದಿದ್ದರೆ ವಾಸಿಯಿತ್ತು. ಅವರು ಕುಕ್ಕರುಗಾಲಲ್ಲಿ ಕೂತು ನನ್ನ ಜೊತೆ ಕಾಳು ಆರಿಸಿದರು. ಚೊಂಬು ಅವರ ಹೆಂಡತಿಯದು, ತೊಟ್ಟಿಗೆ ಸೇರಿಸಲು ತಂದದ್ದು. ಆರಿಸುತ್ತಲೇ ಹೇಳಿದರು: ಅವರ ಪುರಾತನ ದೇವಸನ್ನಿಧಿಯ ಅಂಗಳದಲ್ಲಿ ಒಂದು ತಾಮ್ರದ ತೊಟ್ಟಿ ಇತ್ತಂತೆ. ಯಾಜಕರು ಬಲಗೈ ಬಲಗಾಲಿನ ಮೇಲೆ, ಎಡಗೈ ಎಡಗಾಲಿನ ಮೇಲಿಟ್ಟು ತೊಳೆದ ಮೇಲೆಯೇ ಸೇವೆಗೆ ನಿಲ್ಲಬೇಕು. ತೊಳೆಯದೆ ನಿಂತವನಿಗೆ ಸಾವೇ ಗತಿ. ರಾತ್ರಿ ಉಳಿದ ನೀರು ಬೆಳಿಗ್ಗೆಗೆ ನಡೆಯದು. ಆ ತೊಟ್ಟಿ ಆದದ್ದು ಹೆಂಗಸರು ಕೊಟ್ಟ, ಉಜ್ಜಿ ಹೊಳಪಿಸಿದ ತಾಮ್ರದ ಕೈಗನ್ನಡಿಗಳಿಂದ. ಶೃಂಗಾರದ ಸಾಮಾನು ದೇವರ ಮನೆಗೇಕೆ ಅಂತ ಅವರ ಹಿರಿಯ ಮೋಶೆ ಸಿಟ್ಟಾದನಂತೆ. ಎಲ್ಲಕ್ಕಿಂತ ನನಗೆ ಇವೇ ಪ್ರೀತಿ ಅಂದನಂತೆ ದೇವರು. ಗುಲಾಮಗಿರಿಯಲ್ಲಿ ಸೋತು ಬಂದ ಗಂಡಂದಿರಿಗೆ ಆ ಕನ್ನಡಿ ಹಿಡಿದು ನಗಿಸಿ, ಕುಲ ಉಳಿಸಿದವರು ಆ ಹೆಂಗಸರೇ ಅಲ್ಲವೇ.

"ಎಷ್ಟ ದೊಡ್ಡ ಯಾಜಕ ಆದ್ರೂ, ಹೆಣ್ಮಕ್ಕಳ ತಾಮ್ರದ ನೀರು ಮುಟ್ಟಲಾರ್ದ ಒಳಗ ಹೋಗಂಗಿದ್ದಿಲ್ರಿ," ಅಂದರು. ಶನಿವಾರದ್ದೂ ಹೇಳಿದರು. ಅವತ್ತು ಅವರು ಯಾವ ಕೆಲಸವನ್ನೂ ಮುಟ್ಟುವುದಿಲ್ಲ, ಅಷ್ಟೇ.

ಸುಳ್ಳೇಕೆ ಹೇಳಲಿ, ನಾಚಿಕೆಯಾದರೂ ನನ್ನ ಹಾಳು ಮನಸ್ಸು 'ಕಥೆ ಚೆನ್ನಾಗಿ ಕಟ್ಟುತ್ತಾರೆ' ಅಂತಲೇ ಅಂದಿತು. ಒಳಗಿನಿಂದ ಕೇಳಿಸಿಕೊಂಡಿದ್ದ ನನ್ನ ಹೆಂಡತಿ ನನ್ನನ್ನು ಒಂದು ಮಾತೂ ಕೇಳದೆ, ನಮ್ಮ ಅವ್ವನ ಬಿರುಕು ಬಿಟ್ಟ ತಾಮ್ರದ ಗಂಗಾಳ ತಂದು ಅವರ ಮುಂದಿಟ್ಟಳು. "ಇದರಿಂದ ಶುರು ಮಾಡ್ರಿ ಸಾಹೇಬ್ರ," ಅಂದಳು. ಆಮೇಲೆ ಓಣಿಯ ಹೆಂಗಸರೆಲ್ಲ ಕೊಟ್ಟರು. ನಾನು ಕರಗಿಸಿದೆ, ಬಡಿದೆ. ಹಗಲೆಲ್ಲ ಅದೇ ಕೆಲಸ.

ನಲ್ಲಿ ಕೂರಿಸುವುದೊಂದು ಬಾಕಿ ಇದ್ದಾಗ ಸಂಡೂರಿನಿಂದ ಅವರ ಅಳಿಯನ ಫೋನು ಬಂತು. ಸಾಹೇಬರು ಹೋಗಿಬಿಟ್ಟಿದ್ದರು.

ತೊಟ್ಟಿ ಒಯ್ಯಲು ಅಳಿಯ ಬಂದ ದಿನ ಅಂಗಡಿಯ ಮುಂದೆ ಅದನ್ನಿಟ್ಟು ನೀರು ತುಂಬಿದೆ. ಎರಡೂ ನಲ್ಲಿಗಳಲ್ಲಿ ಸರಾಗವಾಗಿ ಬಂತು. ನೋಡಬೇಕಾದವರು ಇರಲಿಲ್ಲ. ನಾನು ಅನುಮಾನಪಡುತ್ತಾ ಮೂರು ತಿಂಗಳು ಕಳೆಯದಿದ್ದರೆ ಅವರು ನೋಡುತ್ತಿದ್ದರು. ನೀರು ಚೆಲ್ಲಿ, ತೊಟ್ಟಿ ಒರೆಸಿ ಅಳಿಯನಿಗೆ ಒಪ್ಪಿಸಿದೆ.

ಈಗ ದಿನಾ ಬೆಳಿಗ್ಗೆ ಅಂಗಡಿಯ ಕೊಡದಲ್ಲಿ ಉಳಿದ ನೀರು ಚೆಲ್ಲಿ ಹೊಸದು ತುಂಬುತ್ತೇನೆ, ಕೈಕಾಲು ತೊಳೆದೇ ಸುತ್ತಿಗೆ ಹಿಡಿಯುತ್ತೇನೆ. ಅನುಮಾನ ಹೋಗಿಲ್ಲ, ಹುಟ್ಟುಗುಣ ಸುಟ್ಟರೂ ಹೋಗದು. ಗಂಟು ಹಿಡಿದು ಯಾರಾದರೂ ಹೊಸಬರು ಬಂದರೆ ಈಗಲೂ ನನ್ನ ಕಣ್ಣು ಗಂಟಿನ ಮೇಲೆಯೇ. ಆದರೆ ಮೊದಲು ಅವರ ಕೈಗೆ ನೀರು ಕೊಡುತ್ತೇನೆ.