ಪೈಲ್ವಾನ ಯಮನಪ್ಪನ ಮ್ಯಾಟ್ ಕುಸ್ತಿ

ಯಮನಪ್ಪ ಮಣ್ಣಿನ ಪೈಲ್ವಾನ. ಜಮಖಂಡಿ ಕಡೆಯವನು. ಹದಿನಾರಕ್ಕೆ ಗರಡಿಮನೆ ಸೇರಿ ಇಪ್ಪತ್ತೈದರವರೆಗೆ ಊರೂರು ತಿರುಗಿ ಕುಸ್ತಿ ಹಿಡಿದ. ಒಂದು ಬೆಳ್ಳಿ ಕಡಗ ಗೆದ್ದ, ಒಂದು ಕಿವಿ ಮುರಿಸಿಕೊಂಡ. ಆಮೇಲೆ ಹೆಂಡತಿ ಹೊಳೆವ್ವನನ್ನು ಕರೆದುಕೊಂಡು ಮಾಕಳಿಗೆ ಬಂದು ಬಾಡಿಗೆ ಕೋಣೆ ಹಿಡಿದ. ಪೀಣ್ಯದ ಒಂದು ಕಾರ್ಖಾನೆಯಲ್ಲಿ, ಕೆಂಪಗೆ ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿದು ದೊಡ್ಡ ಹ್ಯಾಮರಿನ ಬಾಯಿಗೆ ಕೊಡುವ ಕೆಲಸ. ಕಾಂಟ್ರ್ಯಾಕ್ಟ್ ಆಳು. ಆರು ತಿಂಗಳಿಗೊಮ್ಮೆ ಗೇಟ್ ಪಾಸ್ ಕಿತ್ತುಕೊಂಡು ಮನೆಗೆ ಕಳಿಸುತ್ತಿದ್ದರು. ಹತ್ತು ದಿನ ಬಿಟ್ಟು ಹೊಸಬನ ಹಾಗೆ ಮತ್ತೆ ಸೇರಿಸಿಕೊಳ್ಳುತ್ತಿದ್ದರು. ಐದು ವರ್ಷ ಅವನು ಅಲ್ಲಿ ಹೊಸಬನಾಗಿಯೇ ಇದ್ದ.

ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ ಆಫೀಸಿನ ಶಶಿಕುಮಾರ್ ಅವನನ್ನು ಹುಡುಕಿಕೊಂಡು ಬಂದ. ಕಾರ್ಖಾನೆ ಕಾರ್ಖಾನೆಗಳ ನಡುವೆ ಕುಸ್ತಿ ಇಟ್ಟಿದ್ದಾರೆ, ಎಪ್ಪತ್ನಾಲ್ಕು ಕಿಲೋದಲ್ಲಿ ನಮಗೆ ಜನ ಇಲ್ಲ, ಗೆದ್ದರೆ ಪರ್ಮನೆಂಟ್ ಮಾಡುವುದಾಗಿ ಸಾಹೇಬರು ಮಾತು ಕೊಟ್ಟಿದ್ದಾರೆ ಎಂದ. ಸೋತರೆ ಏನೂ ಇಲ್ಲ.

"ಆದ್ರೆ ಇದು ಮ್ಯಾಟು ಗುರು. ಮಣ್ಣನ್ನ ಮರ್ತ್ಬಿಡು," ಎಂದು ಹೇಳಿ ಎರಡು ಹಾಳೆ ಕೊಟ್ಟು ಹೋದ. ಕನ್ನಡದಲ್ಲಿ ಅಚ್ಚಾದ ನಿಯಮಗಳು.

ಯಮನಪ್ಪನಿಗೆ ಓದು ಬರುವುದಿಲ್ಲ. ಹೊಳೆವ್ವ ನಾಲ್ಕನೆಯ ಇಯತ್ತೆಯವರೆಗೆ ಶಾಲೆಗೆ ಹೋದವಳು. ಬೆರಳಿಟ್ಟು ಓದುತ್ತಾಳೆ, ಸಾವಕಾಶ ಓದುತ್ತಾಳೆ. ಎರಡೆರಡು ನಿಮಿಷದ ಮೂರು ಸುತ್ತು, ಎರಡು ಸುತ್ತು ಗೆದ್ದವನು ಗೆದ್ದಂತೆ. ವೃತ್ತದಾಚೆ ಕಾಲಿಟ್ಟರೆ ಎದುರಿನವನಿಗೆ ಒಂದು ಅಂಕ. ಮೈಗೆ ಎಣ್ಣೆ, ಮಣ್ಣು ಕೂಡದು. ಉಗುರು ಕತ್ತರಿಸಿರಬೇಕು. ಕರವಸ್ತ್ರ ಇಟ್ಟುಕೊಂಡಿರಬೇಕು. ಕರವಸ್ತ್ರ ಎಂದಾಗ ಅವನು ನಕ್ಕ. ಮುಂದಿನ ಸಾಲಿಗೆ ನಗು ನಿಂತಿತು. ಎದುರಾಳಿಯ ಬಟ್ಟೆ ಹಿಡಿಯಕೂಡದು.

ಯಮನಪ್ಪನ ದೊಡ್ಡ ಪಟ್ಟು ಗಿಸ್ಸಾ. ಹಿಂದಿನಿಂದ ಲಂಗೋಟಿಗೆ ಕೈ ಹಾಕಿ ಎಳೆದು ಕೆಡಹುವುದು. ಮಣ್ಣಿನಲ್ಲಿ ಅದು ಸರಿ, ಮ್ಯಾಟಿನಲ್ಲಿ ತಪ್ಪು. ಹತ್ತು ವರ್ಷ ಕಲಿತ ಕೈ, ಹೇಳಿದರೆ ಕೇಳುತ್ತದೆಯೇ?

ಮನೆ ಓನರ್ ನಾಗಲಕ್ಷ್ಮಮ್ಮನ ತಾರಸಿಯ ಮೇಲೆ ಹೊಳೆವ್ವ ರಂಗೋಲಿ ಪುಡಿಯಲ್ಲಿ ದೊಡ್ಡ ವೃತ್ತ ಎಳೆದಳು. ಪಕ್ಕದ ಕೋಣೆಯ ಮುತ್ತಣ್ಣ ಎದುರಾಳಿ. ಅವನ ಚಡ್ಡಿಯ ಸೊಂಟಕ್ಕೆ ಅವಳು ಖಾರ ಅರೆದು ಹಚ್ಚಿದಳು. ಅಲ್ಲಿಗೆ ಕೈ ಹೋದರೆ ಬೆರಳು ಉರಿಯಲಿ, ಬುದ್ಧಿ ಬರಲಿ ಎಂದು.

"ವೈನಿ, ತಪ್ಪು ಅವರ ಕೈದು, ಉರಿ ನನಗ," ಎಂದ ಮುತ್ತಣ್ಣ.

ಕೆಳಗಿನಿಂದ ನಾಗಲಕ್ಷ್ಮಮ್ಮ ಕೂಗಿದರು: "ಮೇಲೆ ಆನೆ ಕಟ್ಟಿದ್ದೀಯೇನಮ್ಮಾ? ಸುಣ್ಣ ಉದುರ್ತಾ ಐತೆ ಇಲ್ಲಿ."

ಒಂದು ತಿಂಗಳು ಹೀಗೆ. ಕೈಯ ಮೇಲೆಯೇ ಎಲ್ಲರ ಕಣ್ಣು. ಹೊಳೆವ್ವ ಓದುತ್ತ ಎರಡನೆಯ ಹಾಳೆಗೆ ಬಂದಳು. ಎರಡೂ ಭುಜ ಮ್ಯಾಟಿಗೆ ತಾಗಿಸಿದರೆ ಕುಸ್ತಿ ಮುಗಿದಂತೆ, ಆದರೆ, ಎಂಬಲ್ಲಿ ಯಮನಪ್ಪ ತಡೆದ. "ಚಿತ್ ಅಂದ್ರ ಏನಂತ ಇವರು ನನಗ ಹೇಳತಾರೇನು? ಮುಂದಕ್ಕ ಓದು." ಅವಳು ಆ ಸಾಲು ಬಿಟ್ಟು ಮುಂದಕ್ಕೆ ಓದಿದಳು.

ಪಂದ್ಯದ ದಿನ ಅವನು ಬೆಳಗಿನಿಂದ ನೀರು ಕುಡಿಯಲಿಲ್ಲ. ತಕ್ಕಡಿಯ ಮುಳ್ಳು ಎಪ್ಪತ್ನಾಲ್ಕಕ್ಕೆ ಸರಿಯಾಗಿ ನಿಂತಿತು. ಮೂರು ಜನರನ್ನು ಸೋಲಿಸಿದ. ಸಂಜೆ ಕಡೆಯ ಕುಸ್ತಿಗೆ ಎದುರು ನಿಂತವನು ಬಸಲಿಂಗ, ಇನ್ನೊಂದು ಕಾರ್ಖಾನೆಯ ಹುಡುಗ. ಧಾರವಾಡದಲ್ಲಿ ಮ್ಯಾಟಿನ ಮೇಲೆಯೇ ಕುಸ್ತಿ ಕಲಿತವನು. ಅವನಿಗೂ ಅದೇ ಆಸೆ ತೋರಿಸಿದ್ದರು.

ಮೊದಲ ಸುತ್ತಿನಲ್ಲಿ ಬಸಲಿಂಗ ಇವನನ್ನು ಎದೆಯಿಂದ ನೂಕಿ ನೂಕಿ ವೃತ್ತದಾಚೆ ಹಾಕಿದ. ಒಂದು ಅಂಕ, ಸುತ್ತು ಹೋಯಿತು. ಎರಡನೆಯದರಲ್ಲಿ ಯಮನಪ್ಪ ಅವನ ಕಾಲು ಎಳೆದು ಬೆನ್ನ ಮೇಲೆ ಕೂತ. ಸುತ್ತು ಬಂತು. ಇನ್ನು ಒಂದೇ.

ಮೂರನೆಯ ಸುತ್ತಿನಲ್ಲಿ ಒಂದೂವರೆ ನಿಮಿಷ ಯಾರಿಗೂ ಅಂಕವಿಲ್ಲ. ಪಂದ್ಯ ನಡೆದ ಶೆಡ್ಡಿನ ತಗಡು ಕಾದು ಬೆವರು ಮ್ಯಾಟಿನ ಮೇಲೆ ತೊಟ್ಟಿಕ್ಕುತ್ತಿತ್ತು. ಬಸಲಿಂಗ ಒಮ್ಮೆ ತಿರುಗಿ ಬೆನ್ನು ಕೊಟ್ಟ. ಯಮನಪ್ಪನ ಬಲಗೈ ನೇರ ಅವನ ಸೊಂಟಕ್ಕೆ ಹೋಯಿತು. ನೋಡಲು ಬಂದಿದ್ದ ಹೊಳೆವ್ವ ಸೆರಗು ಕಚ್ಚಿದಳು. ಕೈ ಬಟ್ಟೆಗೆ ತಾಗಿತು, ಹಿಡಿಯಲಿಲ್ಲ. ಮುಷ್ಟಿಯಾಗಿ ಕೆಳಗಿಳಿದು ತೊಡೆ ಸುತ್ತಿತು. ಮರುಕ್ಷಣ ಬಸಲಿಂಗ ಅವನ ಹೆಗಲ ಮೇಲಿದ್ದ. ಅದರ ಮರುಕ್ಷಣ ಕೆಳಗಿದ್ದ, ಅಂಗಾತ, ಎರಡೂ ಭುಜ ನೆಲಕ್ಕೆ.

ಚಿತ್. ಶೆಡ್ಡೆಲ್ಲ ಎದ್ದು ನಿಂತಿತು.

ಯಮನಪ್ಪನೂ ಎದ್ದ. ಮಣ್ಣಿನ ಕುಸ್ತಿಯಲ್ಲಿ ಬೆನ್ನು ತಾಗಿದರೆ ಮುಗಿಯಿತು. ಗೆದ್ದವನು ಎದ್ದು, ನೆಲ ಮುಟ್ಟಿ ಹಣೆಗೆ ಒತ್ತಿಕೊಂಡು, ಸೋತವನಿಗೆ ಕೈ ಕೊಟ್ಟು ಎಬ್ಬಿಸಬೇಕು. ಕೆಡವಿದವನನ್ನು ಆಮೇಲೂ ಒತ್ತಿ ಹಿಡಿದರೆ ಹಿರಿಯರು ಬೈಯುತ್ತಾರೆ. ಅವನು ಮ್ಯಾಟನ್ನು ಮುಟ್ಟಿ ಹಣೆಗೆ ಒತ್ತಿಕೊಂಡ. ಬಾಗಿ ಬಸಲಿಂಗನಿಗೆ ಕೈ ಚಾಚಿದ.

ರೆಫರಿ ಇನ್ನೂ ಸೀಟಿ ಊದಿರಲಿಲ್ಲ. ಬಸಲಿಂಗ ಮಗ್ಗುಲಾಗಿ ಹೊರಳಿ ಅವನ ಎರಡೂ ಕಾಲು ಸೇರಿಸಿ ಎಳೆದ. ಯಮನಪ್ಪ ಕಡಿದ ಮರದಂತೆ ಹಿಂದಕ್ಕೆ ಬಿದ್ದ. ಬಸಲಿಂಗ ಎದೆಯ ಮೇಲೆ ಬಿದ್ದು ಅಪ್ಪಿ ಹಿಡಿದ, ಬಿಡಲಿಲ್ಲ. ರೆಫರಿ ಮ್ಯಾಟಿಗೆ ಅಂಗೈ ಬಡಿದ. ಆಗ ಸೀಟಿ ಊದಿದ.

ಶಶಿಕುಮಾರ್ ಮೇಜಿನ ತೀರ್ಪುಗಾರರ ಜೊತೆ ಜಗಳಕ್ಕೆ ನಿಂತ. ಮೊದಲು ಬಿದ್ದವನು ಯಾರು, ಕಣ್ಣಿಲ್ಲವೇ ಎಂದ. ನಮ್ಮವನದೇ ಗೆಲುವು ಎಂದು ತಕರಾರು ಬರೆದುಕೊಡೋಣ, ಹೆಬ್ಬೆಟ್ಟು ಒತ್ತು ಎಂದು ಯಮನಪ್ಪನನ್ನು ಕರೆದ. ಯಮನಪ್ಪ ಹೆಂಡತಿಯ ಕಡೆ ನೋಡಿದ.

"ಆ ಸಾಲು ಓದು."

ಅವಳು ಬ್ಲೌಸಿನಿಂದ ಹಾಳೆ ತೆಗೆದಳು. ಬೆರಳಿಟ್ಟು ಸಾಲು ಹುಡುಕಿದಳು. ಸಿಕ್ಕ ಮೇಲೆ ಓದಿದಳು. ಆದರೆ ರೆಫರಿ ಮ್ಯಾಟಿಗೆ ಕೈ ಬಡಿದು ಸೀಟಿ ಊದುವ ತನಕ ಹಿಡಿತ ಬಿಡಬಾರದು.

"ಬರದೈತಿ," ಎಂದ ಯಮನಪ್ಪ. "ಹಂಗಾರ ಸೋತೀನಿ. ಹೆಬ್ಬೆಟ್ಟು ಒತ್ತಂಗಿಲ್ರೀ ಸಾಹೇಬರ."

ಬಸಲಿಂಗ ಹತ್ತಿರ ಬಂದು ತಲೆ ತಗ್ಗಿಸಿದ. "ಅಣ್ಣಾ, ಮಣ್ಣಾಗ ಆಗಿದ್ರ ನೀನ ಗೆದ್ದಿದ್ದಿ."

"ಮಣ್ಣಾಗ ಇರಲಿಲ್ಲಲ್ಲೋ ತಮ್ಮಾ."

ಮನೆಗೆ ಬಂದು ಮೂರು ರೊಟ್ಟಿ ತಿಂದ. ನಾನು ಆ ಸಾಲು ಬಿಡಬಾರದಿತ್ತು ಎಂದು ಹೊಳೆವ್ವ ಹೇಳಿದಳು. ಬಿಡು ಎಂದವನು ನಾನು, ನೀನಲ್ಲ ಎಂದ. ಆ ಮಾತು ಮತ್ತೆ ಎತ್ತಲಿಲ್ಲ. ಸೋಮವಾರ ಇಕ್ಕಳ ಹಿಡಿದ. ಮತ್ತೆ ನಾಲ್ಕು ವರ್ಷ ಹಿಡಿದ. ಬಸಲಿಂಗನನ್ನು ಅವನ ಕಾರ್ಖಾನೆ ಪರ್ಮನೆಂಟ್ ಮಾಡಿತು ಎಂಬ ಸುದ್ದಿ ಬಂದಾಗ, ಒಳ್ಳೆಯದಾಯಿತು ಎಂದ.

ಎರಡು ಸಾವಿರದ ಹನ್ನೆರಡರಲ್ಲಿ ಅವನಿಗೆ ಕಾಮಾಲೆ ಆಯಿತು. ಇಪ್ಪತ್ತು ದಿನ ಮಲಗಿದ. ಎಪ್ಪತ್ನಾಲ್ಕು ಕಿಲೋದ ಆಳು, ಕೊನೆಗೆ ಹೊಳೆವ್ವ ಒಬ್ಬಳೇ ಎತ್ತಿ ಮಗ್ಗುಲು ಬದಲಿಸುತ್ತಿದ್ದಳು. ಮೂವತ್ನಾಲ್ಕನೆಯ ವಯಸ್ಸಿಗೆ ತೀರಿಹೋದ.

ಊರಿಗೆ ಒಯ್ಯುವ ವ್ಯಾನು ಕಾರ್ಖಾನೆಯ ಗೇಟಿನ ಮುಂದೆ ನಿಂತಿತು. ಅಲ್ಲಿ ಒಂದು ಪದ್ಧತಿ. ಕೆಲಸದವನು ಸತ್ತರೆ ಸೈರನ್ ಊದಿ ಎರಡು ನಿಮಿಷ ಹ್ಯಾಮರ್ ನಿಲ್ಲಿಸುತ್ತಾರೆ. ಒಳಗೆ ಹ್ಯಾಮರು ಬಡಿಯುತ್ತಲೇ ಇತ್ತು, ಕಾಲ ಕೆಳಗಿನ ನೆಲ ಅದುರುತ್ತಿತ್ತು. ಸೂಪರ್‌ವೈಸರ್ ಬೈರಪ್ಪ ಹೊರಗೆ ಬಂದು ಟೋಪಿ ತೆಗೆದ. "ಅದು ಪರ್ಮನೆಂಟ್ ಆದೋರ್ಗೆ ಮಾತ್ರ ಕಣಮ್ಮಾ. ನಾನು ಕೇಳ್ದೆ. ಒಪ್ಲಿಲ್ಲ."

"ಗೊತ್ತೈತ್ರಿ," ಎಂದಳು ಹೊಳೆವ್ವ.

ಆದರೂ ಅವಳು ವ್ಯಾನನ್ನು ಎರಡು ನಿಮಿಷ ಅಲ್ಲೇ ನಿಲ್ಲಿಸಿದಳು. ಆಮೇಲೆ ಡ್ರೈವರನಿಗೆ ನಡಿಯಪ್ಪಾ ಎಂದಳು.