ಕತ್ತಲ ಲಿಫ್ಟಿನಲ್ಲಿ ಅಜ್ಜಿಯ ತೋಳು

ಸದಾಶಿವನಗರದ ಗೆಳತಿಯ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಇವತ್ತು ಗ್ರೀಸಿನ ವಾಸನೆ ಮೂಗಿಗೆ ಬಡಿಯಿತು. ಖಾನಾಪುರದ ಅಜ್ಜಿ ನೆನಪಾದಳು.

ತಮ್ಮ ಹುಟ್ಟಿದಾಗ ಅಜ್ಜಿ ನನ್ನನ್ನು ಬೆಳಗಾವಿಯ ಆಸ್ಪತ್ರೆಗೆ ಕರೆತಂದಿದ್ದಳು. ಇಬ್ಬರೂ ಲಿಫ್ಟು ಹತ್ತಿದ್ದು ಅದೇ ಮೊದಲು. ಅರ್ಧ ದಾರಿಯಲ್ಲಿ ಕರೆಂಟು ಹೋಗಿ ನಿಂತೇಬಿಟ್ಟಿತು. ಕತ್ತಲೆ, ಗ್ರೀಸಿನ ವಾಸನೆ, ಉಸಿರುಗಟ್ಟುವ ಸೆಕೆ. ಅಜ್ಜಿ ಬಾಗಿಲು ಬಡಿದಳು, ಕನ್ನಡದಲ್ಲಿ ಕೂಗಿದಳು, ಮರಾಠಿಯಲ್ಲೂ ಕೂಗಿದಳು. ಯಾರೂ ಬರಲಿಲ್ಲ. ಅಳುತ್ತಿದ್ದ ನನ್ನನ್ನು ಎತ್ತಿಕೊಂಡು ನಿಂತಳು.

ಎಷ್ಟೋ ಹೊತ್ತಿನ ಮೇಲೆ ಲಿಫ್ಟು ಕುಲುಕಿತು.

"ಅಜ್ಜೀ, ಬೀಳಾಕತ್ತೇವಿ!" ಎಂದು ಚೀರಿದೆ.

"ಇಲ್ಲವ್ವಾ. ಬಿದ್ದಿದ್ರ ಜೋಕಾಲಿ ಇಳಿಯೂಮುಂದ ಆದಂಗ ಹಗುರ ಆಗ್ತಿದ್ದಿ. ಈಗ ಭಾರ ಆಗೀದಿ, ನನ್ನ ತೋಳು ಜಗ್ಗಾಕತ್ತೈತಿ. ಮ್ಯಾಲ ಹೊಂಟೇವಿ."

ಬಾಗಿಲು ತೆರೆದಾಗ ನೋಡಿದರೆ ಅಜ್ಜಿಯ ಮುಖವೂ ಬಿಳಿಚಿತ್ತು.

ಇಂದಿಗೂ ಲಿಫ್ಟು ಮೇಲಕ್ಕೆ ಹೊರಡುವಾಗ ಮೈ ಭಾರವಾಗಿ ಪಾದ ನೆಲಕ್ಕೆ ಒತ್ತಿದರೇನೇ ನನಗೆ ಉಸಿರು ಬರುವುದು.